ಎತ್ತರದ ಹ್ಯಾಂಡಲ್ ಹಾಕಿದ ಬುಲೆಟ್: ಕೈ ಬಿಟ್ಟರೂ ಆಕ್ಸಿಲರೇಟರ್ ಹಿಂದಕ್ಕೆ ಬರುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ನಾನು ಮೂಡಿಗೆರೆ ತಾಲ್ಲೂಕಿನವನು. ನನ್ನ ಬಳಿ 2014ರ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಇದೆ. ಕಳೆದ ದೀಪಾವಳಿಯ ಹೊತ್ತಿಗೆ ಅದರ ಮೂಲ ಹ್ಯಾಂಡಲ್ ತೆಗೆಸಿ ಸುಮಾರು ಎಂಟು ಇಂಚು ಎತ್ತರದ ಹ್ಯಾಂಡಲ್ ಹಾಕಿಸಿದೆ. ಜೊತೆಗೆ ದಪ್ಪ ಗ್ರಿಪ್‌ಗಳನ್ನೂ ಹ್ಯಾಂಡಲ್ ತುದಿಗೆ ಕೂರುವ ಕನ್ನಡಿಗಳನ್ನೂ ಹಾಕಿಸಿದೆ. ಮೊದಲು ಹಳೆಯ ಆಕ್ಸಿಲರೇಟರ್ ಕೇಬಲನ್ನೇ ಎಳೆದು ಜೋಡಿಸಿದ್ದರು. ಹ್ಯಾಂಡಲ್ ಎಡಕ್ಕೆ ಪೂರ್ತಿ ತಿರುಗಿಸಿದರೆ ಎಂಜಿನ್ ತಾನಾಗಿ ರೇಸ್ ಆಗುತ್ತಿತ್ತು. ದೂರು ಹೇಳಿದ ಮೇಲೆ ಉದ್ದದ ಕೇಬಲ್ ಮಾಡಿಸಿ ಹಾಕಿಕೊಟ್ಟರು. ಈಗ ಆ ರೇಸ್ ಬಹಳ ಮಟ್ಟಿಗೆ ನಿಂತಿದೆ, ಆದರೆ ಆಕ್ಸಿಲರೇಟರ್ ತಿರುಗಿಸಲು ತುಂಬ ಬಿಗಿ. ಮಳೆ ಹಿಡಿದ ಮೇಲೆ ಎರಡು ಬಾರಿ ಕೈ ಬಿಟ್ಟರೂ ಅದು ಹಿಂದಕ್ಕೆ ಬರಲಿಲ್ಲ. ಎರಡನೆಯ ಸಲ ಚಾರ್ಮಾಡಿ ಘಾಟಿಯ ತಿರುವಿನಲ್ಲಿದ್ದೆ, ಹಿಂದೆ ತಂಗಿ ಕುಳಿತಿದ್ದಳು. ಒಬ್ಬ ಮೆಕ್ಯಾನಿಕ್ ಕಾರ್ಬ್ಯುರೇಟರ್ ಬದಲಿಸಬೇಕು ಎನ್ನುತ್ತಾರೆ. ಇನ್ನೊಬ್ಬರು ಗಟ್ಟಿಯಾದ ಸ್ಪ್ರಿಂಗ್ ಹಾಕೋಣ ಎನ್ನುತ್ತಾರೆ. ಸ್ನೇಹಿತರು ಕೇಬಲ್‌ಗೆ ಎಂಜಿನ್ ಆಯಿಲ್ ಬಿಟ್ಟರೆ ಸಾಕು ಎನ್ನುತ್ತಾರೆ. ಯಾರ ಮಾತು ಸರಿ? ಹಳೆಯ ಹ್ಯಾಂಡಲನ್ನೇ ಮತ್ತೆ ಹಾಕಿಸಬೇಕೇ? ಮುಂದಿನ ತಿಂಗಳು ಗೆಳೆಯರೊಂದಿಗೆ ಮುಳ್ಳಯ್ಯನಗಿರಿಗೆ ಹೋಗುವ ಯೋಜನೆ ಇದೆ.

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಚಾರ್ಮಾಡಿಯ ಆ ತಿರುವು. ಆದ್ದರಿಂದ ಕಾರಣ, ಪರಿಹಾರ ಎಲ್ಲಕ್ಕೂ ಮೊದಲು ಇಷ್ಟು ಹೇಳುತ್ತೇನೆ: ಈ ದೋಷ ಪೂರ್ತಿ ಸರಿಯಾಗುವ ತನಕ ಗಾಡಿಯನ್ನು ಘಾಟಿಗೆ ಒಯ್ಯಬೇಡಿ, ಹಿಂದೆ ಯಾರನ್ನೂ ಕೂರಿಸಿಕೊಳ್ಳಬೇಡಿ. ಎರಡು ಸಲ ಸಿಕ್ಕಿಕೊಂಡ ಆಕ್ಸಿಲರೇಟರ್ ಮೂರನೆಯ ಸಲವೂ ಸಿಕ್ಕಿಕೊಳ್ಳುತ್ತದೆ, ಎಲ್ಲಿ ಎಂಬುದು ಮಾತ್ರ ಗೊತ್ತಿರುವುದಿಲ್ಲ.

ಹಾಗೆ ಆದಾಗ ಏನು ಮಾಡಬೇಕು ಎಂಬುದನ್ನೂ ಈಗಲೇ ಹೇಳಿಬಿಡುತ್ತೇನೆ. ಎಡಗೈಯಲ್ಲಿ ಕ್ಲಚ್ ಪೂರ್ತಿ ಹಿಡಿಯಿರಿ. ಬಲ ಹೆಬ್ಬೆರಳಿನಿಂದ ಕೆಂಪು ಸ್ವಿಚ್ ಒತ್ತಿ ಎಂಜಿನ್ ಆರಿಸಿ. ಎರಡೂ ಬ್ರೇಕ್ ಹಿಡಿದು ಎಡಬದಿಗೆ ತನ್ನಿ. ಕ್ಲಚ್ ಹಿಡಿದ ಕೂಡಲೇ ಎಂಜಿನ್ ಜೋರಾಗಿ ಅರಚುತ್ತದೆ, ಗಾಬರಿಯಾಗಿ ಕ್ಲಚ್ ಬಿಡಬೇಡಿ. ಬಗ್ಗಿ ಕೀ ಹುಡುಕುವುದು ಬೇಡ, ರಸ್ತೆಯ ಮೇಲಿನ ಕಣ್ಣು ತಪ್ಪುತ್ತದೆ. ಎಂಜಿನ್ ಆರಿದರೆ ಬ್ರೇಕ್ ಹಿಡಿಯುವುದಿಲ್ಲ ಎಂದು ಹೆದರುವವರನ್ನು ನೋಡಿದ್ದೇನೆ. ಅದು ಕಾರಿನ ಅನುಭವದಿಂದ ಬಂದ ಹೆದರಿಕೆ. ನಿಮ್ಮ ಬೈಕಿನ ಬ್ರೇಕಿಗೆ ಎಂಜಿನ್ನಿನ ಸಹಾಯವೇ ಇಲ್ಲ, ಅದು ನಡೆಯುವುದು ನಿಮ್ಮ ಕೈಕಾಲಿನ ಬಲದಿಂದ. ಎಂಜಿನ್ ಆರಿದ ಮೇಲೂ ಅಷ್ಟೇ ಚೆನ್ನಾಗಿ ಹಿಡಿಯುತ್ತದೆ. ಮನೆಯ ಅಂಗಳದಲ್ಲಿ ಗಾಡಿ ನಿಲ್ಲಿಸಿ, ಕಣ್ಣು ಮುಚ್ಚಿ ಹತ್ತು ಸಲ ಆ ಸ್ವಿಚ್ ಒತ್ತಿ ನೋಡಿ. ಅದು ಎಲ್ಲಿದೆ ಎಂಬುದು ಹೆಬ್ಬೆರಳಿಗೇ ಗೊತ್ತಿರಬೇಕು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನೀವು ಬರೆದ ಲಕ್ಷಣಗಳನ್ನು ನೋಡಿದರೆ ದೋಷ ಗಾಳಿ ಮತ್ತು ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬ್ಯುರೇಟರಿನದಲ್ಲ ಎಂದೇ ನನಗೆ ಅನ್ನಿಸುತ್ತದೆ. ಹಾಗಂತ ಬರೀ ಕೇಬಲ್ಲಿನದೂ ಅಲ್ಲ. ಕೇಬಲ್ ಹಾದುಹೋದ ದಾರಿಯದು. ಹಾಸನದಲ್ಲಿ ಇಪ್ಪತ್ತಾರು ವರ್ಷಗಳಿಂದ ಬೈಕ್ ರಿಪೇರಿ ಮಾಡುತ್ತಿದ್ದೇನೆ. ಬೇಲೂರು, ಸಕಲೇಶಪುರ, ಮೂಡಿಗೆರೆ ಕಡೆಯಿಂದ ಹ್ಯಾಂಡಲ್ ಬದಲಿಸಿಕೊಂಡು ಬರುವ ಗಾಡಿಗಳಲ್ಲಿ ಮತ್ತೆ ಮತ್ತೆ ಕಾಣುವುದು ಇದೇ. ಹ್ಯಾಂಡಲ್ಲಿಗೆ ಹಣ ಕೊಟ್ಟಿರುತ್ತಾರೆ, ಕನ್ನಡಿಗೆ ಹಣ ಕೊಟ್ಟಿರುತ್ತಾರೆ. ಕೇಬಲ್ ಎಲ್ಲಿಂದ ಎಲ್ಲಿಗೆ, ಎಷ್ಟು ಬಾಗಿ ಹೋಗಬೇಕು ಎಂದು ಅರ್ಧ ಗಂಟೆ ಕುಳಿತು ಯಾರೂ ಯೋಚಿಸಿರುವುದಿಲ್ಲ.

ಆಕ್ಸಿಲರೇಟರ್ ಕೇಬಲ್ ಎಂದರೆ ಎರಡು ಭಾಗ. ಒಳಗೆ ಸಣ್ಣ ಉಕ್ಕಿನ ಎಳೆಗಳನ್ನು ಹೆಣೆದ ತಂತಿ, ಅದನ್ನು ನಾವು ಇನ್ನರ್ ಎನ್ನುತ್ತೇವೆ. ಹೊರಗೆ ಉಕ್ಕಿನ ಸುರುಳಿಯ ಮೇಲೆ ಪ್ಲಾಸ್ಟಿಕ್ ಹೊದಿಸಿದ ಕೊಳವೆ, ಅದು ಔಟರ್. ಇನ್ನರ್ ಎಳೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಔಟರ್ ಅಷ್ಟೇ ಬಲದಿಂದ ಎರಡೂ ತುದಿಗಳನ್ನು ಒತ್ತಿ ಹಿಡಿದು ನಿಂತಿರುತ್ತದೆ ಎಂಬುದನ್ನು ಮರೆಯುತ್ತೇವೆ. ಅದರ ತುದಿ ಕೂತ ಜಾಗದಿಂದ ಎರಡೇ ಮಿಲಿಮೀಟರ್ ಮೇಲೆದ್ದರೂ, ನೀವು ಗ್ರಿಪ್ ಮುಟ್ಟದೆಯೇ ಇನ್ನರ್ ಎರಡು ಮಿಲಿಮೀಟರ್ ಎಳೆದಂತಾಗುತ್ತದೆ.

ನಿಮ್ಮ ಮೊದಲ ತೊಂದರೆ ಹುಟ್ಟಿದ್ದು ಹೀಗೆ. ಮೂಲ ಕೇಬಲ್ ಮೂಲ ಹ್ಯಾಂಡಲ್ಲಿನ ಅಳತೆಗೆ ಮಾಡಿದ್ದು. ಹ್ಯಾಂಡಲ್ ಎಂಟು ಇಂಚು ಮೇಲೇರಿದಾಗ ಅದರಲ್ಲಿದ್ದ ಸಡಿಲೆಲ್ಲ ಮುಗಿದುಹೋಯಿತು. ಎಡಕ್ಕೆ ತಿರುಗಿಸಿದಾಗ ಬಲಗೈ ಗ್ರಿಪ್ ಎಂಜಿನ್ನಿನಿಂದ ಇನ್ನಷ್ಟು ದೂರ ಸರಿಯುತ್ತದೆ, ಔಟರ್ ಜಗ್ಗಿ ತುದಿಯಿಂದ ಕಿತ್ತುಕೊಂಡು ಮೇಲೇಳುತ್ತದೆ, ಎಂಜಿನ್ ರೇಸ್ ಆಗುತ್ತದೆ. ಘಾಟಿಯ ತಿರುವಿನಲ್ಲಿ ನಿಧಾನವಾಗಿ ಹ್ಯಾಂಡಲ್ ತಿರುಗಿಸಿದಾಗಲೇ ಗಾಡಿ ಮುಂದಕ್ಕೆ ನುಗ್ಗುವುದು ಎಷ್ಟು ಅಪಾಯ ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಎರಡನೆಯ ತೊಂದರೆ ಇದಕ್ಕೆ ತದ್ವಿರುದ್ಧ. ಮಾಡಿಸಿದ ಉದ್ದದ ಕೇಬಲ್ ಬಹುಶಃ ಬೇಕಾದ್ದಕ್ಕಿಂತ ಉದ್ದವಾಗಿದೆ. ಹೆಚ್ಚಾದ ಉದ್ದವನ್ನು ಹೆಡ್‌ಲೈಟ್ ಹಿಂದೆ ಸುತ್ತು ಹಾಕಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು, ಟ್ಯಾಂಕಿನ ಅಡಿಗೆ ತೂರಿಸಿರುತ್ತಾರೆ. ಹೊರಗಿನಿಂದ ಅಚ್ಚುಕಟ್ಟಾಗಿ ಕಾಣುತ್ತದೆ. ಒಳಗೆ ಇನ್ನರ್ ಪ್ರತಿ ಬಾಗಿನಲ್ಲೂ ಔಟರ್ ಗೋಡೆಗೆ ಉಜ್ಜಿಕೊಂಡು ಹೋಗಬೇಕು. ಹಳ್ಳಿಯಲ್ಲಿ ಬೆಳೆದವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಬೆದರಿದ ಹೋರಿಯ ಹಗ್ಗವನ್ನು ಬರಿಗೈಯಲ್ಲಿ ಹಿಡಿದರೆ ಅದು ನಿಮ್ಮನ್ನೇ ಎಳೆದೊಯ್ಯುತ್ತದೆ. ಅದೇ ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಹಾಕಿ ಹಿಡಿದರೆ ಒಬ್ಬ ಹುಡುಗನೂ ತಡೆಯಬಲ್ಲ. ಒಂದೊಂದು ಸುತ್ತಿಗೂ ಉಜ್ಜಾಟದ ಹಿಡಿತ ಬರೀ ಕೂಡುತ್ತಾ ಹೋಗುವುದಿಲ್ಲ, ಗುಣಿಸುತ್ತಾ ಹೋಗುತ್ತದೆ. ಕೇಬಲ್ ಕೂಡ ಹಾಗೆಯೇ. ಉದ್ದ ಒಂದು ಅಡಿ ಹೆಚ್ಚಿದ್ದರೂ ನೇರವಾಗಿ ಹೋದರೆ ಹಗುರವಾಗಿಯೇ ಇರುತ್ತದೆ, ಮೂರು ಕಡೆ ಬಾಗಿದರೆ ಬಿಗಿಯುತ್ತದೆ.

ಇನ್ನೊಂದು ಸಂಗತಿಯನ್ನು ಚೆನ್ನಾಗಿ ಗಮನಿಸಿ. ಗ್ರಿಪ್ ತಿರುಗಿಸುವಾಗ ಕೆಲಸ ಮಾಡುವುದು ನಿಮ್ಮ ಕೈ. ಉಜ್ಜಾಟ ಎಷ್ಟಿದ್ದರೂ ಕೈ ಗೆಲ್ಲುತ್ತದೆ, ನಿಮಗೆ ಅನ್ನಿಸುವುದು ಸ್ವಲ್ಪ ಬಿಗಿ ಎಂದು ಮಾತ್ರ. ಗ್ರಿಪ್ ಬಿಟ್ಟಾಗ ಹಿಂದಕ್ಕೆ ಎಳೆಯಬೇಕಾದ್ದು ಕಾರ್ಬ್ಯುರೇಟರಿನಲ್ಲಿರುವ ಒಂದು ಸಣ್ಣ ಸ್ಪ್ರಿಂಗ್. ಅದಕ್ಕೆ ನಿಮ್ಮ ಕೈಯಷ್ಟು ಬಲವಿಲ್ಲ. ಆದ್ದರಿಂದ ಆಕ್ಸಿಲರೇಟರ್ ಬಿಗಿಯಾಗಿದೆ ಎಂಬುದನ್ನು ಕೈನೋವಿನ ವಿಷಯವೆಂದು ಯಾರೂ ತಳ್ಳಿಹಾಕಬಾರದು. ಬಿಗಿಯಾದ ದಿನವೇ ಗಾಡಿ ನಿಮಗೆ ಎಚ್ಚರಿಕೆ ಕೊಟ್ಟಿತ್ತು. ನಿಮಗೆ ಬಿಗಿ ಅನ್ನಿಸಿದ್ದು ಮತ್ತು ಆಮೇಲೆ ಸಿಕ್ಕಿಕೊಂಡದ್ದು ಎರಡು ಬೇರೆ ತೊಂದರೆಗಳಲ್ಲ.

ಮಳೆ ಹಿಡಿದ ಮೇಲೆಯೇ ಏಕೆ ಸಿಕ್ಕಿಕೊಂಡಿತು? ಮೂಲ ಕೇಬಲ್ಲಿನ ಮೇಲ್ತುದಿಗೆ ಒಂದು ರಬ್ಬರ್ ಟೋಪಿ ಇರುತ್ತದೆ. ಮಾಡಿಸಿದ ಕೇಬಲ್‌ಗಳಲ್ಲಿ ಅದನ್ನು ಹಾಕುವುದೇ ಇಲ್ಲ. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ನೀರು ಇನ್ನರ್ ಗುಂಟ ಇಳಿದು, ಕೇಬಲ್ ಎಲ್ಲಿ ತಗ್ಗಾಗಿ ಬಾಗಿದೆಯೋ ಅಲ್ಲಿ ನಿಲ್ಲುತ್ತದೆ. ಗಾಡಿಯನ್ನು ನಾಲ್ಕು ದಿನ ಕೊಟ್ಟಿಗೆಯಲ್ಲಿ ನಿಲ್ಲಿಸಿದರೆ ಸಾಕು, ಅಲ್ಲಿ ತುಕ್ಕು ಹಿಡಿಯಲು ಆರಂಭವಾಗುತ್ತದೆ. ತೋಟದ ರಸ್ತೆಯ ಕೆಂಪು ಧೂಳು ಮೊದಲೇ ಒಳಗಿದ್ದರೆ ಅದು ನೀರಿನೊಂದಿಗೆ ಕಲಸಿ ಕೆಸರಾಗುತ್ತದೆ. ವಾಟರ್ ಸರ್ವಿಸ್ ಮಾಡುವವರು ಹ್ಯಾಂಡಲ್ ಹತ್ತಿರ ಜೋರು ನೀರು ಬಿಟ್ಟರೂ ಇದೇ ಆಗುತ್ತದೆ. ಆ ಜಾಗಕ್ಕೆ ಬಟ್ಟೆಯಿಂದ ಒರೆಸಿದರೆ ಸಾಕು ಎಂದು ಅವರಿಗೆ ಹೇಳಿ.

ಇನ್ನು ನಿಮಗೆ ಸಿಕ್ಕ ಸಲಹೆಗಳು.

ಎಂಜಿನ್ ಆಯಿಲ್ ಬಿಡುವ ಸಲಹೆ ಒಂದು ಕಾಲಕ್ಕೆ ಸರಿಯಾಗಿಯೇ ಇತ್ತು. ಹಳೆಯ ಕೇಬಲ್‌ಗಳಲ್ಲಿ ಉಕ್ಕಿನ ಮೇಲೆ ಉಕ್ಕು ಉಜ್ಜುತ್ತಿತ್ತು, ಎಣ್ಣೆ ಬೇಕೇ ಬೇಕಿತ್ತು. ಈಗಿನ ಒಳ್ಳೆಯ ಕೇಬಲ್‌ಗಳ ಔಟರ್ ಒಳಗೆ ನೈಲಾನ್ ಅಥವಾ ಟೆಫ್ಲಾನ್‌ನಂತಹ ನುಣುಪಾದ ಪದರ ಇರುತ್ತದೆ. ಅದರೊಳಗೆ ಗ್ರೀಸ್ ತುಂಬಿದರೆ ಧೂಳು ಅಂಟಿ ಮೊದಲಿಗಿಂತ ಕೆಟ್ಟದಾಗುತ್ತದೆ. ಅಂತಹ ಕೇಬಲ್‌ಗೆ ಏನಾದರೂ ಹಾಕಲೇಬೇಕಿದ್ದರೆ ಸಿಲಿಕೋನ್ ಮಾದರಿಯ ತೆಳು ಸ್ಪ್ರೇ ಸಾಕು. ಡಬ್ಲ್ಯುಡಿ-40 ನೀರನ್ನು ಹೊರದಬ್ಬಲು ಒಳ್ಳೆಯದು, ಆದರೆ ಬೇಗ ಆರಿಹೋಗುತ್ತದೆ, ಎಣ್ಣೆಯಂತೆ ಉಳಿಯುವುದಿಲ್ಲ. ಏನೇ ಬಿಟ್ಟರೂ ಕೇಬಲ್ಲಿನ ಬಾಗು ಹಾಗೆಯೇ ಉಳಿಯುತ್ತದೆ. ಎರಡು ದಿನ ಹಗುರವಾಗಿ, ಮೂರನೆಯ ದಿನ ಮತ್ತೆ ಬಿಗಿಯುತ್ತದೆ. ನಡುವಿನ ಆ ಎರಡು ದಿನದಲ್ಲಿ ನಿಮಗೆ ಎಲ್ಲ ಸರಿಯಾಯಿತು ಎಂಬ ನಂಬಿಕೆ ಬಂದುಬಿಡುತ್ತದಲ್ಲ, ನನಗೆ ಅದರ ಬಗ್ಗೆಯೇ ಹೆಚ್ಚು ಭಯ.

ಗಟ್ಟಿ ಸ್ಪ್ರಿಂಗ್ ಹಾಕುವ ಮಾತು ಬಂದಾಗ ನನಗೆ ನನ್ನದೇ ತಪ್ಪು ನೆನಪಾಗುತ್ತದೆ. ಕೆಲಸಕ್ಕೆ ಇಳಿದ ಹೊಸತರಲ್ಲಿ ಒಬ್ಬ ಗಿರಾಕಿಯ ಗಾಡಿಗೆ ನಾನೇ ಹಾಗೆ ಮಾಡಿದ್ದೆ. ಆಕ್ಸಿಲರೇಟರ್ ಹಿಂದಕ್ಕೆ ಬರತೊಡಗಿತು, ಅವರೂ ಸಂತೋಷದಿಂದ ಹೋದರು. ಆದರೆ ಇನ್ನರ್ ಮೇಲಿನ ಜಗ್ಗಾಟ ಹೆಚ್ಚಾಗಿ, ಮೇಲಿನ ನಿಪ್ಪಲ್ (ಇನ್ನರ್ ತುದಿಯನ್ನು ಹಿಡಿದಿಡುವ ಸಣ್ಣ ಲೋಹದ ಗುಂಡು) ಹತ್ತಿರ ಎಳೆಗಳು ಒಂದೊಂದಾಗಿ ಕಡಿಯುತ್ತಾ ಬಂದು ಶಿರಾಡಿ ಘಾಟಿಯ ನಡುವೆ ರಾತ್ರಿ ಮಳೆಯಲ್ಲಿ ಕೇಬಲ್ ಪೂರ್ತಿ ತುಂಡಾಯಿತು. ತುಂಡಾದರೆ ಎಂಜಿನ್ ಐಡ್ಲಿಂಗ್‌ಗೆ (ಗ್ರಿಪ್ ತಿರುಗಿಸದಿದ್ದಾಗಿನ ನಿಧಾನ ಓಟಕ್ಕೆ) ಇಳಿದುಬಿಡುತ್ತದೆ, ಅವರು ಲಾರಿಗಳ ನಡುವೆ ಗಾಡಿ ತಳ್ಳಿಕೊಂಡು ಬಂದರು. ಅರ್ಧ ಕಡಿದ ಎಳೆಯೊಂದು ಔಟರ್ ಬಾಯಿಗೆ ಸಿಕ್ಕಿಕೊಂಡಿದ್ದರೆ ಎಂಜಿನ್ ರೇಸ್ ಆಗಿಯೇ ನಿಲ್ಲುತ್ತಿತ್ತು. ಆ ದಿನದಿಂದ ಸ್ಪ್ರಿಂಗ್ ಬದಲಿಸಿ ಕೇಬಲ್ಲಿನ ದೋಷ ಮುಚ್ಚುವ ಕೆಲಸವನ್ನು ನಾನು ಮಾಡಿಲ್ಲ, ನನ್ನ ಹುಡುಗರಿಗೂ ಮಾಡಲು ಬಿಟ್ಟಿಲ್ಲ.

ಕಾರ್ಬ್ಯುರೇಟರ್ ಬದಲಿಸಬೇಕೇ ಎಂಬುದನ್ನು ಹತ್ತು ನಿಮಿಷದಲ್ಲಿ ನೀವೇ ತಿಳಿಯಬಹುದು. ಎಂಜಿನ್ ಆರಿಸಿ ತಣ್ಣಗಾದ ಮೇಲೆ ಕೇಬಲ್ಲಿನ ಕೆಳತುದಿಯನ್ನು ಕಾರ್ಬ್ಯುರೇಟರಿನಿಂದ ಬಿಡಿಸಿ. ನಿಮ್ಮ ಮಾದರಿಯಲ್ಲಿ ಕೇಬಲ್ ತಿರುಗಿಸುವುದು ಗಾಳಿಯ ದಾರಿಯನ್ನು ತೆರೆದು ಮುಚ್ಚುವ ಒಂದು ಚಪ್ಪಟೆ ಬಿಲ್ಲೆಯ ಅಚ್ಚನ್ನು. ಆ ಅಚ್ಚಿಗೆ ಸೇರಿದ ಸಣ್ಣ ಚಕ್ರವನ್ನು ಬೆರಳಿನಿಂದ ಪೂರ್ತಿ ತಿರುಗಿಸಿ ಬಿಡಿ. ಟಕ್ ಎಂದು ಹೊಡೆದುಕೊಂಡು ಹಿಂತಿರುಗಿದರೆ ಕಾರ್ಬ್ಯುರೇಟರಿನ ಸ್ಪ್ರಿಂಗ್, ಅಚ್ಚು ಎರಡೂ ಸರಿಯಾಗಿವೆ. ಸಾವಿರಾರು ರೂಪಾಯಿ ಉಳಿಯಿತು. ನಿಧಾನವಾಗಿ ಅಥವಾ ತಡೆತಡೆದು ಬಂದರೆ ಮಾತ್ರ ಅಲ್ಲಿ ಕೊಳೆಯೋ ಸವಕಳಿಯೋ ಇದೆ. ಮೊದಲು ಸ್ವಚ್ಛ ಮಾಡಿಸಿ, ಬದಲಿಸುವ ಮಾತು ಆಮೇಲೆ.

ಕೆಳತುದಿ ಬಿಡಿಸಿಟ್ಟುಕೊಂಡೇ ಗ್ರಿಪ್ ತಿರುಗಿಸಿ ನೋಡಿ. ಈಗ ಸ್ಪ್ರಿಂಗಿನ ಭಾರವೇ ಇಲ್ಲ. ಆದರೂ ಬಿಗಿ ಅನ್ನಿಸಿದರೆ ದೋಷ ಕೇಬಲ್ಲಿನಲ್ಲಿದೆ ಅಥವಾ ಗ್ರಿಪ್ಪಿನಲ್ಲಿದೆ. ಎರಡರಲ್ಲಿ ಯಾವುದು ಎಂದು ತಿಳಿಯಲು ಮೇಲ್ತುದಿಯನ್ನೂ ಬಿಡಿಸಿ, ಗ್ರಿಪ್ ಒಂದನ್ನೇ ತಿರುಗಿಸಿ. ಅದು ಬೆರಳ ತುದಿಯಲ್ಲಿ ತಿರುಗಬೇಕು.

ಗ್ರಿಪ್ಪಿನ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ನೀವು ಗ್ರಿಪ್ ಮತ್ತು ತುದಿಯ ಕನ್ನಡಿ ಎರಡನ್ನೂ ಬದಲಿಸಿದ್ದೀರಿ. ಬಲಗಡೆಯ ಗ್ರಿಪ್ ಕೂರುವುದು ಹ್ಯಾಂಡಲ್ ಮೇಲೆ ಸುತ್ತುವ ಒಂದು ಪ್ಲಾಸ್ಟಿಕ್ ಕೊಳವೆಯ ಮೇಲೆ. ಆ ಗ್ರಿಪ್ಪಿನ ಹೊರತುದಿಗೂ ಕನ್ನಡಿಯ ಬುಡಕ್ಕೂ ನಡುವೆ ಎರಡು ಮಿಲಿಮೀಟರಿನಷ್ಟಾದರೂ ಜಾಗ ಇರಬೇಕು. ದಪ್ಪ ರಬ್ಬರ್ ಗ್ರಿಪ್ ಬಿಸಿಲಿಗೆ ಮೆತ್ತಗಾಗಿ ನಿಮ್ಮ ಅಂಗೈಯ ಒತ್ತಡಕ್ಕೆ ನಿಧಾನವಾಗಿ ಹೊರಗೆ ಸರಿಯುತ್ತದೆ. ಕನ್ನಡಿಯ ಬುಡಕ್ಕೆ ತಾಗಿದ ದಿನ ಅದೇ ಬ್ರೇಕಿನಂತೆ ಹಿಡಿದುಕೊಳ್ಳುತ್ತದೆ. ಬೇಲೂರಿನ ಹುಡುಗನೊಬ್ಬ ಎರಡು ಕಡೆ ಕಾರ್ಬ್ಯುರೇಟರ್ ಬಿಚ್ಚಿಸಿ, ಒಂದು ಕೇಬಲ್ ಬದಲಿಸಿ, ಕೊನೆಗೆ ನನ್ನ ಬಳಿ ಬಂದಿದ್ದ. ಗ್ರಿಪ್ಪಿನ ತುದಿಯಲ್ಲಿ ಉಂಗುರದಂತೆ ಸವೆದ ಗುರುತು ಕಾಣುತ್ತಿತ್ತು. ರಬ್ಬರನ್ನು ಮೂರು ಮಿಲಿಮೀಟರ್ ಕತ್ತರಿಸಿದೆ, ಅಷ್ಟೇ. ಅವನ ಮುಖದಲ್ಲಿ ಸಂತೋಷಕ್ಕಿಂತ ಖರ್ಚಾದ ಹಣದ ನೋವೇ ಹೆಚ್ಚು ಕಾಣುತ್ತಿತ್ತು, ನನಗೂ ಬೇಸರವಾಯಿತು.

ಹ್ಯಾಂಡಲ್ಲಿಗೆ ದಪ್ಪ ಬಣ್ಣ ಬಳಿದಿದ್ದರೂ ಕೊಳವೆ ಬಿಗಿಯುತ್ತದೆ. ಗ್ರಿಪ್ ಅಂಟಿಸಿದ ಗೋಂದು ಒಳಗೆ ಸೋರಿದ್ದರೂ ಬಿಗಿಯುತ್ತದೆ. ಸ್ವಿಚ್‌ಗಳಿರುವ ಡಬ್ಬಿಯನ್ನು ಓರೆಯಾಗಿ ಬಿಗಿದಿದ್ದರೂ ಹಾಗೆಯೇ. ಡಬ್ಬಿ ತೆರೆದಾಗ ಇನ್ನರ್ ತುದಿಯನ್ನು ಟಾರ್ಚ್ ಹಿಡಿದು ನೋಡಿ. ಒಂದೇ ಒಂದು ಎಳೆ ಕಡಿದು ಮುಳ್ಳಿನಂತೆ ಎದ್ದಿದ್ದರೂ ಆ ಕೇಬಲ್ ಮುಗಿಯಿತು. ಅದನ್ನು ಕತ್ತರಿಸಿ, ನಯ ಮಾಡಿ ಮತ್ತೆ ಬಳಸುವುದು ಬೇಡ.

ನಿಮಗೆ ಹಾಕಿಕೊಟ್ಟ ಕೇಬಲನ್ನು ಯಾವ ಬಗೆಯಲ್ಲಿ ಮಾಡಿದ್ದಾರೆ ಎಂಬುದನ್ನೂ ಆಗಲೇ ನೋಡಿಬಿಡಿ. ಸೈಕಲ್ಲಿನ ಬ್ರೇಕ್ ತಂತಿ ಹಾಕಿ, ತುದಿಗೆ ಸ್ಕ್ರೂ ಬಿಗಿಯುವ ನಿಪ್ಪಲ್ ಜೋಡಿಸಿದ್ದನ್ನು ನಾನು ಬಹಳ ಸಲ ಕಂಡಿದ್ದೇನೆ. ಸೈಕಲ್ ತಂತಿ ದಪ್ಪ, ಸಲೀಸಾಗಿ ಬಾಗುವುದಿಲ್ಲ. ಸ್ಕ್ರೂ ನಿಪ್ಪಲ್ ಎಳೆಗಳನ್ನು ಜಜ್ಜುತ್ತದೆ, ಅದರ ತಲೆ ಡಬ್ಬಿಯೊಳಗೆ ಎಲ್ಲಾದರೂ ತಾಗಿ ಸಿಕ್ಕಿಕೊಳ್ಳುತ್ತದೆ. ರಸ್ತೆಯಲ್ಲಿ ಕೇಬಲ್ ತುಂಡಾದಾಗ ಮನೆ ಸೇರಲು ಅದು ಉಪಯೋಗಕ್ಕೆ ಬರುತ್ತದೆ, ದಿನನಿತ್ಯಕ್ಕಲ್ಲ. ಬೆಸುಗೆ ಹಾಕಿದ ನಿಪ್ಪಲ್ ಇದ್ದರೆ, ಎಳೆಗಳನ್ನು ನಿಪ್ಪಲ್ ಒಳಗೆ ಹೂವಿನಂತೆ ಬಿಡಿಸಿ ಬೆಸೆದಿದ್ದಾರೆಯೇ ಎಂದು ಮಾಡಿದವರನ್ನು ಕೇಳಿ. ನೇರವಾಗಿ ತೂರಿಸಿ ರೇಡಿಯೊ ರಿಪೇರಿಯ ಸೀಸ ಹಚ್ಚಿದ್ದರೆ ಒಂದು ದಿನ ಜಾರಿ ಹೊರಬರುತ್ತದೆ. ಬೆಸುಗೆಯ ಕಾವು ಮಿತಿ ಮೀರಿದರೂ ಅಷ್ಟೇ, ಉಕ್ಕಿನ ಗಡಸುತನ ಹೋಗಿ ತಂತಿ ಅಲ್ಲಿಯೇ ಕಡಿಯುತ್ತದೆ.

ಕೇಬಲ್ ದೋಷವನ್ನೂ ಎಂಜಿನ್ ದೋಷವನ್ನೂ ಬೇರೆ ಮಾಡಿ ನೋಡಲು ನಾನು ಬಳಸುವ ಗುರುತು ಹೀಗಿದೆ. ಹ್ಯಾಂಡಲ್ ತಿರುಗಿಸಿದಾಗ ರೇಸ್ ಬದಲಾದರೆ ಅದು ಕೇಬಲ್. ಗ್ರಿಪ್ ಪೂರ್ತಿ ಹಿಂದಕ್ಕೆ ಬಂದಿದ್ದರೂ ಎಂಜಿನ್ ಸದ್ದು ತಡವಾಗಿ, ನಿಧಾನವಾಗಿ ಇಳಿದರೆ ಅದು ಗಾಳಿ ಮತ್ತು ಪೆಟ್ರೋಲಿನ ಲೆಕ್ಕ. ಕಾರ್ಬ್ಯುರೇಟರನ್ನು ಎಂಜಿನ್ನಿಗೆ ಸೇರಿಸುವ ರಬ್ಬರ್ ಸೀಳಿ ಗಾಳಿ ಎಳೆಯುತ್ತಿರಬಹುದು, ಚೋಕ್ ಪೂರ್ತಿ ಹಿಂತಿರುಗದೆ ಇರಬಹುದು. ಸೈಲೆನ್ಸರ್ ಮತ್ತು ಏರ್ ಫಿಲ್ಟರ್ ಬದಲಿಸಿ ಜೆಟ್ (ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತಿನ ಬಿಡಿಭಾಗ) ಬದಲಿಸದೆ ಬಿಟ್ಟ ಗಾಡಿಗಳಲ್ಲೂ ಹೀಗಾಗುತ್ತದೆ. ನೀವು ಆ ಎರಡನ್ನೂ ಬದಲಿಸಿದ್ದಾಗಿ ಬರೆದಿಲ್ಲ, ಆದ್ದರಿಂದ ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಐಡ್ಲಿಂಗ್ ಸ್ಕ್ರೂ ಬಗ್ಗೆ ಮಾತ್ರ ಬೆಟ್ಟದ ಕಡೆಯವರಿಗೆ ಪ್ರತ್ಯೇಕವಾಗಿ ಹೇಳಬೇಕು. ಮುಳ್ಳಯ್ಯನಗಿರಿಯ ತುದಿ ಸಮುದ್ರ ಮಟ್ಟದಿಂದ 1,900 ಮೀಟರಿಗಿಂತ ಎತ್ತರದಲ್ಲಿದೆ. ಅಲ್ಲಿ ಗಾಳಿ ತೆಳು, ಕಾರ್ಬ್ಯುರೇಟರ್ ಗಾಡಿಗೆ ಪೆಟ್ರೋಲ್ ಹೆಚ್ಚಾದಂತಾಗಿ ಎಂಜಿನ್ ಮಂಕಾಗುತ್ತದೆ, ಐಡ್ಲಿಂಗ್ ಕುಸಿಯುತ್ತದೆ. ಮೇಲೆ ನಿಂತು ಸ್ಕ್ರೂ ತಿರುಗಿಸಿ ಐಡ್ಲಿಂಗ್ ಏರಿಸಿಕೊಂಡವರು ಅದನ್ನು ಮರೆತು ಚಾರ್ಮಾಡಿ ಇಳಿದು ಉಜಿರೆ ಕಡೆ ಹೋದರೆ, ಕೆಳಗಿನ ದಟ್ಟ ಗಾಳಿಯಲ್ಲಿ ಎಂಜಿನ್ ತಾನಾಗಿ ರೇಸ್ ಆಗತೊಡಗುತ್ತದೆ. ಕೇಬಲ್ ಸಿಕ್ಕಿಕೊಂಡಿದೆ ಎಂದೇ ಅನ್ನಿಸುತ್ತದೆ. ಇದಕ್ಕಿಂತ ಕೆಟ್ಟದ್ದೆಂದರೆ ಕೇಬಲ್ ದೋಷದ ರೇಸ್ ಮುಚ್ಚಲು ಐಡ್ಲಿಂಗ್ ಸ್ಕ್ರೂ ಇಳಿಸುವುದು. ನೇರ ರಸ್ತೆಯಲ್ಲಿ ಸರಿ ಕಾಣುತ್ತದೆ, ತಿರುವಿನಲ್ಲಿ ಎಂಜಿನ್ ಆರಿಹೋಗುತ್ತದೆ. ಹಾಗಾಗಿ ಮೊದಲು ಕೇಬಲ್ಲಿಗೆ ಸಡಿಲು ಕೊಡಿ, ಎಂಜಿನ್ ಕಾದ ಮೇಲೆ ನೀವು ದಿನವೂ ಓಡಾಡುವ ಊರಿನ ಎತ್ತರದಲ್ಲಿ ಐಡ್ಲಿಂಗ್ ಹೊಂದಿಸಿ, ಆಮೇಲೆ ಕೇಬಲ್ ಹೊಂದಿಸಿ. ಈ ಕ್ರಮ ತಪ್ಪಿಸಬೇಡಿ.

ಇನ್ನು ದಾರಿಗಳು. ಹಳೆಯ ಹ್ಯಾಂಡಲ್ ಮತ್ತು ಕಂಪನಿಯ ಮೂಲ ಕೇಬಲ್ ವಾಪಸ್ ಹಾಕಿಸುವುದು ಅತ್ಯಂತ ಅಗ್ಗದ್ದು, ಅತ್ಯಂತ ಖಚಿತವಾದದ್ದು. ಮೂಲ ಕೇಬಲ್ಲಿಗೆ ಕೆಲವು ನೂರು ರೂಪಾಯಿಯಷ್ಟೇ ಆಗುತ್ತದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರ ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಎತ್ತರದ ಹ್ಯಾಂಡಲ್ಲಿನ ಬಗ್ಗೆ ತಪಾಸಣೆಯಲ್ಲಿ ಪ್ರಶ್ನೆ ಬರಬಹುದು, ಅಪಘಾತವಾದರೆ ವಿಮೆಯವರೂ ಕೇಳಬಹುದು. ಸಾರಿಗೆ ಕಚೇರಿಯಲ್ಲಿ ಒಮ್ಮೆ ವಿಚಾರಿಸಿಕೊಳ್ಳಿ.

ಆದರೆ ನಿಮ್ಮ ಪತ್ರ ಓದಿದರೆ ಆ ಹ್ಯಾಂಡಲ್ ನಿಮಗೆ ತುಂಬ ಇಷ್ಟವಾದದ್ದು ಎಂದು ತಿಳಿಯುತ್ತದೆ. ಅದರಲ್ಲಿ ತಪ್ಪೇನಿಲ್ಲ, ಸರಿಯಾಗಿ ಜೋಡಿಸಿದ ಎತ್ತರದ ಹ್ಯಾಂಡಲ್ಲಿನ ಗಾಡಿಗಳು ವರ್ಷಗಟ್ಟಲೆ ತೊಂದರೆಯಿಲ್ಲದೆ ಓಡಿದ್ದನ್ನು ಕಂಡಿದ್ದೇನೆ. ಉಳಿಸಿಕೊಳ್ಳುವುದಾದರೆ ಅಳತೆ ತೆಗೆದೇ ಕೇಬಲ್ ಮಾಡಿಸಬೇಕು. ಟ್ಯಾಂಕ್ ಇಳಿಸಿ. ಕೇಬಲ್ಲಿನಷ್ಟೇ ದಪ್ಪದ ಪ್ಲಾಸ್ಟಿಕ್ ಪೈಪೊಂದನ್ನು ಗ್ರಿಪ್ಪಿನಿಂದ ಕಾರ್ಬ್ಯುರೇಟರ್ ತನಕ ದೊಡ್ಡ ದೊಡ್ಡ ಬಾಗುಗಳಲ್ಲಿ ಹಾಯಿಸಿ. ಎಂಜಿನ್ ಹೆಡ್ ಮತ್ತು ಸೈಲೆನ್ಸರ್ ಬೆಂಡಿನಿಂದ ದೂರವಿರಲಿ, ಬಿಸಿಗೆ ಔಟರ್ ಒಳಗಿನ ನುಣುಪು ಪದರ ಕರಗಿ ಅಂಟುತ್ತದೆ. ಚೌಕಟ್ಟಿಗೂ ಟ್ಯಾಂಕಿಗೂ ನಡುವೆ ಅದುಮಿಕೊಳ್ಳಬಾರದು. ಹ್ಯಾಂಡಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಯಾವ ಕಡೆಗೆ ಹೆಚ್ಚು ಉದ್ದ ಬೇಕಾಗುತ್ತದೆಯೋ ಆ ಕಡೆಯ ಅಳತೆ ಹಿಡಿಯಿರಿ. ಇದು ಔಟರ್ ಉದ್ದ. ಇದಕ್ಕಿಂತಲೂ ಮುಖ್ಯವಾದ ಇನ್ನೊಂದು ಅಳತೆ ಇದೆ, ಇನ್ನರ್ ಔಟರಿಗಿಂತ ಎಷ್ಟು ಹೆಚ್ಚು ಉದ್ದವಿದೆ ಎಂಬುದು. ಅದು ಮೂಲ ಕೇಬಲ್ಲಿನಲ್ಲಿ ಎಷ್ಟಿತ್ತೋ ಅಷ್ಟೇ ಇರಬೇಕು. ಹ್ಯಾಂಡಲ್ ಎಷ್ಟೇ ಎತ್ತರವಾಗಲಿ ಆ ವ್ಯತ್ಯಾಸ ಬದಲಾಗುವುದಿಲ್ಲ. ಮಾಡಿಸಿದ ಕೇಬಲ್‌ಗಳು ಹಾಳಾಗುವುದು ಹೆಚ್ಚಾಗಿ ಇಲ್ಲಿಯೇ.

ಕೇಬಲ್ ಕಟ್ಟುವಾಗ ಪ್ಲಾಸ್ಟಿಕ್ ಪಟ್ಟಿಯನ್ನು ಬಿಗಿಯಬೇಡಿ, ಕೇಬಲ್ ಅದರೊಳಗೆ ಸರಿದಾಡುವಂತಿರಲಿ. ಹ್ಯಾಂಡಲ್ ತಿರುಗಿದಾಗ ಅದೂ ತಿರುಗಬೇಕಲ್ಲ. ಕೊನೆಗೆ ಅಡ್ಜಸ್ಟರಿನಲ್ಲಿ ಗ್ರಿಪ್ಪಿನ ಅಂಚಿಗೆ ಎರಡರಿಂದ ಮೂರು ಮಿಲಿಮೀಟರ್ ಸಡಿಲು ಕೊಟ್ಟು ಲಾಕ್ ನಟ್ ಬಿಗಿಯಿರಿ. ಕೆಲವರು ಗ್ರಿಪ್ ಮುಟ್ಟಿದ ಕೂಡಲೇ ಗಾಡಿ ಎದ್ದೇಳಬೇಕೆಂದು ಸಡಿಲನ್ನೇ ತೆಗೆಸುತ್ತಾರೆ. ನೀವು ಹಾಗೆ ಮಾಡಬೇಡಿ, ತಿರುವಿನಲ್ಲಿ ನಿಮ್ಮನ್ನು ಕಾಯುವುದು ಆ ಎರಡು ಮಿಲಿಮೀಟರೇ.

ಎಳೆಯಲು ಒಂದು, ಮುಚ್ಚಲು ಒಂದು ಎಂದು ಎರಡು ಕೇಬಲ್ ಇರುವ ಗಾಡಿಗಳೂ ಇವೆ. ಅವುಗಳಲ್ಲಿ ಸ್ಪ್ರಿಂಗ್ ಸೋತರೂ ಕೈಯಿಂದಲೇ ಮುಚ್ಚಬಹುದು. ನಿಮ್ಮದನ್ನು ಹಾಗೆ ಮಾಡಿಸಲು ಕಾರ್ಬ್ಯುರೇಟರಿನ ಚಕ್ರ, ಗ್ರಿಪ್ಪಿನ ಕೊಳವೆ, ಡಬ್ಬಿ ಎಲ್ಲವೂ ಬದಲಾಗಬೇಕು. ಆ ಖರ್ಚಿಗೆ ಸಿಗುವ ಲಾಭ ಕಡಿಮೆ, ನಾನು ಸಲಹೆ ಮಾಡುವುದಿಲ್ಲ. ಈ ಉತ್ತರ ಓದುವ ಬೇರೆಯವರ ಗಾಡಿಯಲ್ಲಿ ಎರಡು ಕೇಬಲ್ ಇದ್ದರೆ, ಹ್ಯಾಂಡಲ್ ಬದಲಿಸುವಾಗ ಒಂದನ್ನು ತೆಗೆದುಹಾಕಲು ಮಾತ್ರ ಯಾರಿಗೂ ಬಿಡಬೇಡಿ.

ನೀವು ಕೇಳದೆ ಇದ್ದರೂ ಒಂದನ್ನು ಹೇಳದೆ ಇರಲಾರೆ. ಹ್ಯಾಂಡಲ್ ಎಂಟು ಇಂಚು ಏರಿದಾಗ ಆಕ್ಸಿಲರೇಟರ್ ಕೇಬಲ್ ಒಂದೇ ಗಿಡ್ಡವಾಗಲಿಲ್ಲ. ಮುಂದಿನ ಡಿಸ್ಕ್ ಬ್ರೇಕಿನ ಪೈಪ್, ಕ್ಲಚ್ ಕೇಬಲ್, ಸ್ವಿಚ್‌ಗಳ ವೈರುಗಳು ಕೂಡ ಅಷ್ಟೇ ಗಿಡ್ಡವಾದವು. ಹ್ಯಾಂಡಲ್ ಎರಡೂ ಕಡೆ ತಿರುಗಿಸಿ ಬ್ರೇಕ್ ಪೈಪ್ ಜಗ್ಗುತ್ತದೆಯೇ ನೋಡಿ. ಜಗ್ಗಿದರೆ ಗಾಡಿಯನ್ನು ಅಲ್ಲಿಯೇ ನಿಲ್ಲಿಸಿ, ಉದ್ದದ ಪೈಪ್ ಹಾಕಿಸಿ, ಪೈಪಿನೊಳಗಿನ ಬ್ರೇಕ್ ಎಣ್ಣೆಗೆ ಸೇರಿದ ಗಾಳಿ ತೆಗೆಸಿದ ಮೇಲೆಯೇ ಹೊರಡಿ. ವೈರು ಜಗ್ಗಿದರೆ ನಾನು ಮೇಲೆ ಹೇಳಿದ ಕೆಂಪು ಸ್ವಿಚ್ ಬೇಕಾದ ಹೊತ್ತಿನಲ್ಲಿ ಕೆಲಸ ಮಾಡದೆ ಹೋಗಬಹುದು.

ಎಲ್ಲ ಆದ ಮೇಲೆ ಬಯಲಿನಲ್ಲಿ, ನ್ಯೂಟ್ರಲ್‌ನಲ್ಲಿ, ಗಾಡಿಯನ್ನು ನಡುವಿನ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಪರೀಕ್ಷಿಸಿ. ಎಂಜಿನ್ ಆರಿಸಿಕೊಂಡು ಹ್ಯಾಂಡಲ್ ನೇರ, ಪೂರ್ತಿ ಎಡ, ಪೂರ್ತಿ ಬಲ, ಮೂರರಲ್ಲೂ ಗ್ರಿಪ್ ತಿರುಗಿಸಿ ಕೈ ತೆಗೆಯಿರಿ. ಮೂರರಲ್ಲೂ ಟಕ್ ಎಂದು ತಾನೇ ಮುಚ್ಚಬೇಕು. ನೀವು ಬೆರಳಿನಿಂದ ತಳ್ಳಿ ಮುಚ್ಚಬೇಕಾದರೆ ಕೆಲಸ ಮುಗಿದಿಲ್ಲ. ಆಮೇಲೆ ಎಂಜಿನ್ ಚಾಲೂ ಮಾಡಿ, ಕಾದ ಮೇಲೆ ಹ್ಯಾಂಡಲನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿ. ಸದ್ದಿನಲ್ಲಿ ಕೂದಲೆಳೆಯಷ್ಟೂ ಬದಲಾವಣೆ ಇರಬಾರದು.

ಮುಳ್ಳಯ್ಯನಗಿರಿಗೆ ಹೋಗಬಹುದೇ ಎಂದು ಕೇಳಿದ್ದೀರಿ. ಈ ಪರೀಕ್ಷೆಗಳಲ್ಲಿ ಪಾಸಾದ ಗಾಡಿಯನ್ನು ಮೊದಲು ಒಂದು ವಾರ ಊರಿನ ಸುತ್ತಮುತ್ತ ಮಳೆಯಲ್ಲೂ ಓಡಿಸಿ, ಮತ್ತೊಮ್ಮೆ ಪರೀಕ್ಷಿಸಿ, ಆಮೇಲೆ ಹೋಗಿ. ಅಷ್ಟರೊಳಗೆ ಕೆಲಸ ಆಗದಿದ್ದರೆ ಗೆಳೆಯರೊಬ್ಬರ ಹಿಂದೆ ಕುಳಿತು ಹೋಗಿ, ಬೆಟ್ಟ ಅಲ್ಲೇ ಇರುತ್ತದೆ. ಮೆಕ್ಯಾನಿಕ್ ಬಳಿ ಹೋಗುವಾಗ ಮೂಲ ಕೇಬಲ್ ಇನ್ನೂ ಮನೆಯಲ್ಲಿದ್ದರೆ ಅದನ್ನು ಮರೆಯದೆ ಒಯ್ಯಿರಿ. ನಿಪ್ಪಲ್‌ಗಳ ಗಾತ್ರಕ್ಕೂ ಇನ್ನರ್ ಮತ್ತು ಔಟರ್ ನಡುವಿನ ವ್ಯತ್ಯಾಸಕ್ಕೂ ಅವರಿಗೆ ಸಿಗುವ ನಂಬಲರ್ಹ ಅಳತೆ ಅದೊಂದೇ.